ಬುತ್ತಿ ಹೊತ್ತ ಹಡಗು: ತೈಲ ನೌಕೆ ನಿಯೋಶೋದ ಕಥೆ

ದೂರದ ಊರಿಗೆ ಹೊರಟವರು ಬುತ್ತಿ ಕಟ್ಟಿಕೊಳ್ಳುತ್ತಾರೆ. ಯುದ್ಧದ ಹಡಗಿಗೆ ಆ ಬುತ್ತಿ ಎಂದರೆ ಎಣ್ಣೆ. ಅದು ಮುಗಿದ ದಿನ ಎಷ್ಟು ದೊಡ್ಡ ಫಿರಂಗಿ ಇದ್ದರೂ ಹಡಗು ಅಲೆಯ ಮೇಲೆ ತೇಲುವ ಬರೀ ಕಬ್ಬಿಣ. ಎರಡನೇ ಮಹಾಯುದ್ಧದ ಶಾಂತ ಸಾಗರದ ಕಥೆಗಳಲ್ಲಿ ವಿಮಾನವಾಹಕ ನೌಕೆಗಳ ಹೆಸರು ಎಲ್ಲರ ಬಾಯಲ್ಲೂ ಇದೆ. ಅವುಗಳ ಬುತ್ತಿ ಹೊತ್ತುಕೊಂಡು ಹಿಂದೆ ಹಿಂದೆ ಸಾಗಿದ ಟ್ಯಾಂಕರ್‌ಗಳ ಹೆಸರು ಕೇಳಿದವರು ಕಡಿಮೆ. ಅಂಥ ಒಂದು ಹಡಗು ಅಮೆರಿಕದ ನಿಯೋಶೋ. ಅದು ಸೇವೆಯಲ್ಲಿದ್ದದ್ದು ಮೂರು ವರ್ಷವೂ ತುಂಬದಷ್ಟು ಕಾಲ, 1939ರ ಆಗಸ್ಟ್‌ನಿಂದ 1942ರ ಮೇವರೆಗೆ. ಅಷ್ಟರಲ್ಲೇ ಪರ್ಲ್ ಹಾರ್ಬರ್ ದಾಳಿಯ ನಡುಮಧ್ಯೆ ಸಿಕ್ಕಿಕೊಂಡಿತು, ಕೋರಲ್ ಸಮುದ್ರದ ಕದನದಲ್ಲಿ ಶತ್ರುವಿನ ದೊಡ್ಡ ಹೊಡೆತವೊಂದನ್ನು ಒಂಟಿಯಾಗಿ ಮೈಮೇಲೆ ತೆಗೆದುಕೊಂಡಿತು.

ಮೊದಲು ಎಣ್ಣೆಯ ಲೆಕ್ಕ ನೋಡೋಣ. ಅದು ಅರ್ಥವಾಗದೆ ಈ ಹಡಗಿನ ಬೆಲೆ ತಿಳಿಯುವುದಿಲ್ಲ.

ನೀರನ್ನು ಸೀಳಿಕೊಂಡು ಹೋಗುವ ಹಡಗಿಗೆ ವೇಗ ಹೆಚ್ಚಿದಷ್ಟೂ ನೀರಿನ ಪ್ರತಿರೋಧ ವಿಪರೀತ ಏರುತ್ತದೆ. ವೇಗವನ್ನು ಎರಡು ಪಟ್ಟು ಮಾಡಬೇಕಾದರೆ ಎಂಜಿನ್ನು ಸುಮಾರು ಎಂಟು ಪಟ್ಟು ಶಕ್ತಿ ಕೊಡಬೇಕು. ಅರ್ಧ ಸಮಯದಲ್ಲೇ ತಲುಪುತ್ತೇವೆ ನಿಜ, ಆದರೂ ಅಷ್ಟೇ ದೂರಕ್ಕೆ ನಾಲ್ಕು ಪಟ್ಟು ಎಣ್ಣೆ ಸುಟ್ಟಿರುತ್ತದೆ. ವಿಮಾನವಾಹಕ ನೌಕೆ ವಿಮಾನ ಹಾರಿಸುವಾಗಲೆಲ್ಲ ಗಾಳಿಗೆ ಎದುರಾಗಿ ಜೋರಾಗಿ ಓಡಬೇಕು. ಅದನ್ನು ಕಾಯುವ ಡೆಸ್ಟ್ರಾಯರ್‌ಗಳು ಸಣ್ಣ ಹಡಗುಗಳು. ಹೊಟ್ಟೆ ಚಿಕ್ಕದು, ಓಟ ದೊಡ್ಡದು. ಅವು ದೊಡ್ಡ ಹಡಗಿನ ಜೊತೆ ಹೆಜ್ಜೆ ಹಾಕುತ್ತಾ ನಾಲ್ಕೈದು ದಿನ ಜೋರಾಗಿ ಓಡಿದರೆ ಎಣ್ಣೆ ತಳ ಕಾಣಲು ಶುರುವಾಗುತ್ತದೆ. ಹವಾಯಿಯ ಪರ್ಲ್ ಹಾರ್ಬರ್‌ನಿಂದ ಆಸ್ಟ್ರೇಲಿಯಾದ ಈಶಾನ್ಯಕ್ಕಿರುವ ಕೋರಲ್ ಸಮುದ್ರಕ್ಕೆ ಐದು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ನಡುವೆ ಪೆಟ್ರೋಲ್ ಬಂಕ್ ಇಲ್ಲ. ಹಾಗಾಗಿ ಬಂಕೇ ಹಡಗಿನ ಜೊತೆ ಹೋಗಬೇಕು.

ಕಲ್ಲಿದ್ದಲಿನ ಕಾಲದಲ್ಲಿ ಇದು ಹೆಚ್ಚುಕಡಿಮೆ ಆಗದ ಮಾತಾಗಿತ್ತು. ಅಲೆಗಳ ಮೇಲೆ ಒಂದು ಹಡಗಿನಿಂದ ಇನ್ನೊಂದಕ್ಕೆ ಮೂಟೆಗಟ್ಟಲೆ ಕಲ್ಲಿದ್ದಲು ಸಾಗಿಸಿ ನೋಡಿ ಸೋತವರೇ ಹೆಚ್ಚು. ಎಣ್ಣೆಯಾದರೆ ಕೊಳವೆಯಲ್ಲಿ ಹರಿಯುತ್ತದೆ. 1917ರ ಮೇ 28ರಂದು, ಮೊದಲ ಮಹಾಯುದ್ಧದಲ್ಲಿ, ಮೌಮೀ ಎಂಬ ಅಮೆರಿಕದ ತೈಲ ನೌಕೆ ಉತ್ತರ ಅಟ್ಲಾಂಟಿಕ್‌ನ ನಡುವೆ, ಐರ್ಲೆಂಡಿನತ್ತ ಹೊರಟಿದ್ದ ಡೆಸ್ಟ್ರಾಯರ್‌ಗಳಿಗೆ ಸಾಗುತ್ತಲೇ ಎಣ್ಣೆ ತುಂಬಿಸಿತು. ಆ ಕೆಲಸಕ್ಕೆ ಬೇಕಾದ ಕೊಳವೆ, ಹಗ್ಗ, ರಾಟೆಗಳ ಏರ್ಪಾಟಿನಲ್ಲಿ ದುಡಿದವರಲ್ಲಿ ಒಬ್ಬರು ಆ ಹಡಗಿನ ಎಂಜಿನಿಯರ್ ಆಗಿದ್ದ ಚೆಸ್ಟರ್ ನಿಮಿಟ್ಸ್. 25 ವರ್ಷದ ನಂತರ ಶಾಂತ ಸಾಗರದ ಅಮೆರಿಕ ನೌಕಾಪಡೆಯ ಹೊಣೆ ಹೊತ್ತದ್ದೂ ಅವರೇ. ಎಣ್ಣೆಯ ಕೆಲಸವನ್ನು ಕೈಯಾರೆ ಮಾಡಿದ್ದ ಮನುಷ್ಯ ಆ ಕುರ್ಚಿಯಲ್ಲಿ ಕೂತದ್ದು ಸಣ್ಣ ಸಂಗತಿಯಲ್ಲ ಎಂದೇ ನನಗನಿಸುತ್ತದೆ.

ಕೆಲಸ ಹೇಳಿದಷ್ಟು ಸುಲಭವೂ ಅಲ್ಲ. ಎರಡು ಹಡಗುಗಳು ಅಕ್ಕಪಕ್ಕದಲ್ಲಿ, ಕೆಲವೇ ಮೀಟರ್ ಅಂತರದಲ್ಲಿ, ಒಂದೇ ದಿಕ್ಕಿಗೆ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಸಾಗಬೇಕು. ಎರಡರ ನಡುವಿನ ಇಕ್ಕಟ್ಟಿನಲ್ಲಿ ನೀರು ರಭಸವಾಗಿ ಹರಿಯುತ್ತದೆ. ಹರಿವು ಜೋರಾದಲ್ಲಿ ಒತ್ತಡ ಇಳಿಯುತ್ತದೆ, ಹೊರಗಿನ ನೀರು ಎರಡೂ ಹಡಗುಗಳನ್ನು ಒಂದರ ಕಡೆಗೊಂದು ತಳ್ಳುತ್ತದೆ. ಮೂತಿಯ ಬಳಿ ಏಳುವ ಅಲೆ ಮಾತ್ರ ಅವನ್ನು ದೂರಕ್ಕೆ ನೂಕುತ್ತದೆ. ಚುಕ್ಕಾಣಿ ಹಿಡಿದವನು ಕಣ್ಣು ಮಿಟುಕಿಸದೆ ಈ ಎಳೆದಾಟವನ್ನು ಸರಿದೂಗಿಸುತ್ತಿರಬೇಕು. ಸ್ವಲ್ಪ ತಪ್ಪಿದರೆ ಕೊಳವೆ ಹರಿದು ಎಣ್ಣೆ ಚೆಲ್ಲುತ್ತದೆ, ಇನ್ನೂ ತಪ್ಪಿದರೆ ಹಡಗಿಗೆ ಹಡಗೇ ಬಡಿಯುತ್ತದೆ. ಆ ಹೊತ್ತಿನಲ್ಲಿ ಶತ್ರು ಬಂದರೆ ಎರಡೂ ಹಗ್ಗ ಕಟ್ಟಿದ ಎತ್ತುಗಳಂತೆ ಸಿಕ್ಕಿಬೀಳುತ್ತವೆ. ದೊಡ್ಡ ಹಡಗುಗಳಿಗೂ ಹೀಗೆ ಪಕ್ಕದಲ್ಲಿ ನಿಂತು ಎಣ್ಣೆ ಕೊಡಬಹುದೆಂದು ಅಮೆರಿಕದವರು ಪ್ರಯೋಗ ಮಾಡಿ ನೋಡಿದ್ದು 1939ರ ಆರಂಭದಲ್ಲಿ, ಕ್ಯಾಲಿಫೋರ್ನಿಯಾದ ಕರಾವಳಿಯಾಚೆ. ಅಲ್ಲೂ ಮುಂದಾಳು ನಿಮಿಟ್ಸ್. ಇಂದು ನಮ್ಮ ನೌಕಾಪಡೆಯ ದೀಪಕ್, ಶಕ್ತಿ ಎಂಬ ತೈಲ ನೌಕೆಗಳು ಕಡಲ ನಡುವೆ ಮಾಡುವ ಕೆಲಸದ ಮೂಲ ರೀತಿ ಇದೇ.

ಅದೇ 1939ರಲ್ಲಿ ನಿಯೋಶೋ ನೀರಿಗಿಳಿಯಿತು. ನ್ಯೂಜೆರ್ಸಿಯ ಕಿಯರ್ನಿಯಲ್ಲಿದ್ದ ಫೆಡರಲ್ ಹಡಗುಕಟ್ಟೆಯಲ್ಲಿ 1938ರ ಜೂನ್‌ನಲ್ಲಿ ಕೆಲಸ ಶುರುವಾಗಿ, 1939ರ ಏಪ್ರಿಲ್ 29ರಂದು ಹಡಗು ನೀರು ಮುಟ್ಟಿತು, ಆಗಸ್ಟ್ 7ರಂದು ನೌಕಾಪಡೆಗೆ ಸೇರಿತು. ಅಮೆರಿಕದ ಮೂಲನಿವಾಸಿಗಳ ಭಾಷೆಯ ಹೆಸರುಳ್ಳ ನದಿಗಳನ್ನು ತೈಲ ನೌಕೆಗಳಿಗೆ ಇಡುವುದು ಅಲ್ಲಿಯ ರೂಢಿ. ನಿಯೋಶೋ ಎಂಬುದು ಕಾನ್ಸಾಸ್ ಮತ್ತು ಒಕ್ಲಹೋಮಾದಲ್ಲಿ ಹರಿಯುವ ನದಿ.

ಈ ಹಡಗು ಸಿಮರಾನ್ ವರ್ಗದ್ದು. ಆ ವರ್ಗ ಹುಟ್ಟಿದ ಬಗೆಯಲ್ಲೇ ಒಂದು ಜಾಣತನವಿದೆ. ಆಗಿನ ವ್ಯಾಪಾರಿ ಟ್ಯಾಂಕರ್‌ಗಳು 12-13 ನಾಟ್, ಅಂದರೆ ಗಂಟೆಗೆ 22-24 ಕಿಲೋಮೀಟರ್ ವೇಗದಲ್ಲಿ ತೆವಳುತ್ತಿದ್ದವು. ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಹೊಸ ಟ್ಯಾಂಕರ್‌ಗಳನ್ನು ಕಟ್ಟಿಸಲು ಹೊರಟಾಗ ಸರಕಾರ ಮಧ್ಯೆ ಬಂತು: ನಿಮಗೆ ಬೇಡವಾದ ದೊಡ್ಡ ಎಂಜಿನ್ ಹಾಕಿಸಿ, ಆ ಹೆಚ್ಚುವರಿ ಖರ್ಚು ನಮ್ಮದು, ಯುದ್ಧ ಬಂದರೆ ಹಡಗು ನಮಗೆ ಕೊಡಿ. ಹೀಗೆ 18 ನಾಟ್, ಅಂದರೆ ಗಂಟೆಗೆ ಸುಮಾರು 33 ಕಿಲೋಮೀಟರ್ ಓಡುವ 12 ಟ್ಯಾಂಕರ್‌ಗಳ ಯೋಜನೆ ಆಯಿತು. ನಿಯೋಶೋ ಅವುಗಳಲ್ಲಿ ನೇರವಾಗಿ ನೌಕಾಪಡೆಗೇ ಹೋದ ಮೊದಲ ಕೆಲವರಲ್ಲಿ ಒಂದು. ಉದ್ದ 553 ಅಡಿ. ಹೊಟ್ಟೆಯಲ್ಲಿ ಸುಮಾರು 1 ಲಕ್ಷ 46 ಸಾವಿರ ಬ್ಯಾರೆಲ್, ಅಂದರೆ 2 ಕೋಟಿ 30 ಲಕ್ಷ ಲೀಟರ್. ನಮ್ಮ ಹೆದ್ದಾರಿಯಲ್ಲಿ ಕಾಣುವ 12 ಸಾವಿರ ಲೀಟರಿನ ಟ್ಯಾಂಕರ್ ಲಾರಿಗಳಾದರೆ ಹತ್ತಿರ ಹತ್ತಿರ ಎರಡು ಸಾವಿರ ಲಾರಿ ಬೇಕು.

ಐದಾರು ನಾಟ್‌ಗಳ ಆ ವ್ಯತ್ಯಾಸ ಎಷ್ಟು ದೊಡ್ಡದೆಂದು ಹಳೆಯ ಟ್ಯಾಂಕರ್ ನೆಚೆಸ್ ತೋರಿಸಿಕೊಟ್ಟಿತು. 1941ರ ಡಿಸೆಂಬರಿನಲ್ಲಿ ಶಾಂತ ಸಾಗರದ ವೇಕ್ ದ್ವೀಪದಲ್ಲಿ ಸಿಕ್ಕಿಬಿದ್ದ ಅಮೆರಿಕದವರ ನೆರವಿಗೆ ಹೊರಟ ಪಡೆ ಈ ನಿಧಾನದ ಹಡಗಿನ ವೇಗಕ್ಕೆ ತಕ್ಕಂತೆ ಸಾಗಬೇಕಾಯಿತು. ಒರಟು ಕಡಲಿನಲ್ಲಿ ಎಣ್ಣೆ ತುಂಬಿಸಲು ಮತ್ತಷ್ಟು ಹೊತ್ತು ಹೋಯಿತು. ವೇಕ್ ಡಿಸೆಂಬರ್ 23ರಂದು ಶತ್ರುವಿನ ಕೈಸೇರಿತು. ಅದಕ್ಕೆ ಎಣ್ಣೆಯೊಂದೇ ಕಾರಣವಲ್ಲ, ಆದರೆ ಕಾರಣಗಳಲ್ಲಿ ಅದೂ ಒಂದು. ಮುಂದಿನ ತಿಂಗಳು ಜಪಾನಿನ ಜಲಾಂತರ್ಗಾಮಿ ನೆಚೆಸನ್ನೇ ಮುಳುಗಿಸಿತು. ಲೆಕ್ಸಿಂಗ್ಟನ್ ವಿಮಾನವಾಹಕ ನೌಕೆ ವೇಕ್ ಮೇಲೆ ನಡೆಸಬೇಕಿದ್ದ ದಾಳಿ ಅಲ್ಲಿಗೆ ರದ್ದಾಯಿತು. ಒಂದು ಟ್ಯಾಂಕರ್ ಹೋದದ್ದಕ್ಕೆ ಇಡೀ ಪಡೆ ಮನೆಗೆ ತಿರುಗಿತು.

ಯುದ್ಧಕ್ಕೆ ಮುಂಚೆ ನಿಯೋಶೋದ ದಿನಚರಿ ಒಂದೇ ಬಗೆಯದು: ಅಮೆರಿಕದ ಪಶ್ಚಿಮ ಕರಾವಳಿಯಿಂದ ಪರ್ಲ್ ಹಾರ್ಬರ್‌ಗೆ ಇಂಧನ ಹೊತ್ತು ತರುವುದು, ಇಳಿಸುವುದು, ಮರಳುವುದು. 1941ರ ಡಿಸೆಂಬರ್ 6ರಂದೂ ಹಾಗೆಯೇ ಬಂತು, ವಿಮಾನದ ಪೆಟ್ರೋಲ್ ತುಂಬಿಕೊಂಡು. 7ರ ಬೆಳಗ್ಗೆ ಜಪಾನಿನ ವಿಮಾನಗಳು ಮೇಲೆರಗಿದಾಗ ಅದು ಕಟ್ಟಿಕೊಂಡಿದ್ದದ್ದು ಫೋರ್ಡ್ ದ್ವೀಪದ ಪೆಟ್ರೋಲ್ ಕಟ್ಟೆಗೆ. ಒಂದು ಪಕ್ಕದಲ್ಲಿ ಕ್ಯಾಲಿಫೋರ್ನಿಯಾ ಎಂಬ ಬ್ಯಾಟಲ್‌ಶಿಪ್, ಇನ್ನೊಂದು ಪಕ್ಕದಲ್ಲಿ ಮೇರಿಲ್ಯಾಂಡ್ ಮತ್ತು ಒಕ್ಲಹೋಮಾ. ಅಂದರೆ ಆ ದಿನದ ಬಾಂಬುಗಳೂ ಟಾರ್ಪಿಡೋಗಳೂ ಹುಡುಕಿಕೊಂಡು ಬಂದ ಹಡಗುಗಳ ಸಾಲಿನ ನಟ್ಟನಡುವೆ.

ಸರಕು ಇಳಿಸಿ ಆಗಿತ್ತಲ್ಲ, ಅಪಾಯ ಕಡಿಮೆಯಾಯಿತು ಎನ್ನುವಂತಿಲ್ಲ. ತುಂಬಿದ ಪೆಟ್ರೋಲ್ ಟ್ಯಾಂಕಿಗಿಂತ ಈಗಷ್ಟೇ ಖಾಲಿಯಾದದ್ದು ಒಮ್ಮೊಮ್ಮೆ ಹೆಚ್ಚು ಭಯಂಕರ. ದ್ರವವಾಗಿರುವ ಪೆಟ್ರೋಲ್ ತಾನೇ ಸಿಡಿಯುವುದಿಲ್ಲ, ಸಿಡಿಯುವುದು ಗಾಳಿಯೊಂದಿಗೆ ಬೆರೆತ ಅದರ ಆವಿ. ಖಾಲಿ ಟ್ಯಾಂಕಿನ ತುಂಬ ಇರುವುದು ಅದೇ. ಕಟ್ಟೆಯ ಮೇಲೆ ಬೇರೆ ವಿಮಾನ ಪೆಟ್ರೋಲಿನ ದಾಸ್ತಾನು. ಕ್ಯಾಪ್ಟನ್ ಜಾನ್ ಫಿಲಿಪ್ಸ್ ಹಡಗನ್ನು ಬಿಡಿಸಿಕೊಂಡು ಹೊರಡಲು ನಿರ್ಧರಿಸಿದರು. 8:40ರ ಸುಮಾರಿಗೆ, ದಾಳಿ ಇನ್ನೂ ನಡೆಯುತ್ತಿರುವಾಗಲೇ, ನಿಯೋಶೋ ಹಿಂದಕ್ಕೆ ಸರಿದು, ಮಗುಚಿಬಿದ್ದ ಒಕ್ಲಹೋಮಾವನ್ನು ದಾಟಿ, ಬಂದರಿನ ಸುರಕ್ಷಿತ ಮೂಲೆಗೆ ಹೋಯಿತು. ದಾರಿಯುದ್ದಕ್ಕೂ ಅದರ ಫಿರಂಗಿಗಳು ಗುಂಡು ಹಾರಿಸುತ್ತಲೇ ಇದ್ದವು. ವಿಮಾನಗಳ ಗುಂಡಿಗೆ ಮೂವರು ಗಾಯಗೊಂಡರು. ಫಿಲಿಪ್ಸ್ ಅವರಿಗೆ ಆ ದಿನದ ಕೆಲಸಕ್ಕಾಗಿ ನೇವಿ ಕ್ರಾಸ್ ಪದಕ ಬಂತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಪರ್ಲ್ ಹಾರ್ಬರ್‌ನ ದಡದಲ್ಲಿ ಸುಮಾರು 45 ಲಕ್ಷ ಬ್ಯಾರೆಲ್ ಎಣ್ಣೆ ಬಯಲಿನ ಟ್ಯಾಂಕುಗಳಲ್ಲಿ ನಿಂತಿತ್ತು. ಜಪಾನಿನವರು ಅದನ್ನು ಮುಟ್ಟಲಿಲ್ಲ. ಅದು ಉರಿದುಹೋಗಿದ್ದರೆ ಉಳಿದ ಹಡಗುಗಳೂ ಬೇಸ್ ಬಿಟ್ಟು ಸಾವಿರಾರು ಕಿಲೋಮೀಟರ್ ಹಿಂದಕ್ಕೆ, ಅಮೆರಿಕದ ಕರಾವಳಿಗೇ ಹೋಗಬೇಕಿತ್ತು. ಹಡಗನ್ನು ಹೊಡೆದು ಅದರ ಬುತ್ತಿಯನ್ನು ಬಿಟ್ಟುಹೋದದ್ದು ಆ ದಾಳಿಯ ಅತಿ ದೊಡ್ಡ ತಪ್ಪು ಎಂಬವರ ಮಾತು ನನಗೂ ಸರಿ ಕಾಣುತ್ತದೆ. ಐದು ತಿಂಗಳ ನಂತರ ಅದೇ ನೌಕಾಪಡೆ ಬುತ್ತಿ ಹೊತ್ತ ಹಡಗನ್ನು ಇಡೀ ಬಲದಿಂದ ಹೊಡೆಯಿತು, ಆದರೆ ಅದು ಏನೆಂದು ತಿಳಿಯದೆ.

1942ರ ವಸಂತದಲ್ಲಿ ಜಪಾನ್ ನ್ಯೂಗಿನಿಯ ಪೋರ್ಟ್ ಮೋರ್ಸ್‌ಬಿಯ ಮೇಲೆ ಕಣ್ಣಿಟ್ಟಿತ್ತು. ಅದು ಸಿಕ್ಕರೆ ಆಸ್ಟ್ರೇಲಿಯಾ ವಿಮಾನಗಳ ಅಳವಿಗೆ ಬರುತ್ತದೆ. ತಡೆಯಲು ಯಾರ್ಕ್‌ಟೌನ್, ಲೆಕ್ಸಿಂಗ್ಟನ್ ಎಂಬ ಎರಡು ವಿಮಾನವಾಹಕ ನೌಕೆಗಳು ಅಡ್ಮಿರಲ್ ಫ್ರಾಂಕ್ ಜಾಕ್ ಫ್ಲೆಚರ್ ನೇತೃತ್ವದಲ್ಲಿ ಕೋರಲ್ ಸಮುದ್ರದಲ್ಲಿ ಸೇರಿದವು. ಅಷ್ಟು ದೊಡ್ಡ ಪಡೆಗೆ ಜೊತೆಗಿದ್ದ ತೈಲ ನೌಕೆಗಳು ಎರಡೇ: ನಿಯೋಶೋ ಮತ್ತು ಹಳೆಯದಾದ ಟಿಪ್ಪಕನೂ. ಟಿಪ್ಪಕನೂ ತನ್ನಲ್ಲಿದ್ದದ್ದನ್ನು ಕೊಟ್ಟು ಹೊರಟುಹೋಯಿತು. ಮೇ 6ರಂದು ನಿಯೋಶೋ ಯಾರ್ಕ್‌ಟೌನ್‌ಗೂ ಆಸ್ಟೋರಿಯಾ ಎಂಬ ಕ್ರೂಸರ್‌ಗೂ (ಡೆಸ್ಟ್ರಾಯರಿಗಿಂತ ದೊಡ್ಡ ಯುದ್ಧನೌಕೆ) ಎಣ್ಣೆ ತುಂಬಿಸಿತು. ಕದನ ಹತ್ತಿರ ಬಂದಿತ್ತು, ಟ್ಯಾಂಕರಿಗೆ ಅಲ್ಲಿ ಕೆಲಸವಿರಲಿಲ್ಲ. ಸಿಮ್ಸ್ ಎಂಬ ಒಂದೇ ಒಂದು ಡೆಸ್ಟ್ರಾಯರನ್ನು ಕಾವಲಿಗೆ ಕೊಟ್ಟು ಫ್ಲೆಚರ್ ಅದನ್ನು ದಕ್ಷಿಣಕ್ಕೆ, ಅಪಾಯದಿಂದ ದೂರ ಎಂದುಕೊಂಡ ಜಾಗಕ್ಕೆ ಕಳಿಸಿದರು.

ಮೇ 7ರ ಬೆಳಗ್ಗೆ ಜಪಾನಿನ ಶೋಕಾಕು ನೌಕೆಯಿಂದ ಹುಡುಕಾಟಕ್ಕೆ ಹೊರಟ ವಿಮಾನಗಳು ಆ ಎರಡು ಹಡಗುಗಳನ್ನು ಕಂಡು ಸುದ್ದಿ ಕಳಿಸಿದವು: ಒಂದು ವಿಮಾನವಾಹಕ ನೌಕೆ, ಒಂದು ಕ್ರೂಸರ್.

ಎಂಥ ತಪ್ಪು ಎಂದು ನಗಬಾರದು. ಸಾವಿರಾರು ಅಡಿ ಎತ್ತರದಿಂದ, ಮೋಡಗಳ ನಡುವಿನಿಂದ, ಜೀವ ಕೈಯಲ್ಲಿ ಹಿಡಿದು ನೋಡುವವನಿಗೆ ಉದ್ದನೆಯ, ಚಪ್ಪಟೆ ಬೆನ್ನಿನ ಹಡಗು ಹಾಗೆ ಕಾಣಬಹುದು. ಅದೇ ವರ್ಷ ಅಮೆರಿಕದವರು ನಿಯೋಶೋದ ನಾಲ್ಕು ಸೋದರಿ ಹಡಗುಗಳನ್ನು, ಸ್ಯಾಂಗಮನ್, ಸುವಾನೀ, ಚೆನ್ಯಾಂಗೋ, ಸ್ಯಾಂಟೀಗಳನ್ನು, ಮೇಲೆ ಹಾರುದಾರಿ ಹಾಸಿ ನಿಜವಾಗಿಯೇ ಸಣ್ಣ ವಿಮಾನವಾಹಕ ನೌಕೆಗಳಾಗಿ ಮಾರ್ಪಡಿಸಿದರು. ಅದೇ ಒಡಲು, ಅದೇ ಉದ್ದ. ಪೈಲಟ್ ಕಂಡದ್ದು ಪೂರ್ತಿ ಸುಳ್ಳೂ ಅಲ್ಲ, ಆಗಬಹುದಾಗಿದ್ದ ಹಡಗನ್ನು ಕಂಡಿದ್ದ.

ಸುದ್ದಿ ನಂಬಿ ಶೋಕಾಕು ಮತ್ತು ಝುಯಿಕಾಕು ನೌಕೆಗಳಿಂದ 78 ವಿಮಾನಗಳು ಎದ್ದವು. ಅದು ಹೆಚ್ಚುಕಡಿಮೆ ಅಲ್ಲಿದ್ದ ಇಡೀ ದಾಳಿಯ ಬಲ. ಹೇಳಿದ ಜಾಗಕ್ಕೆ ಬಂದು ನೋಡಿದರೆ ಒಂದು ಟ್ಯಾಂಕರ್, ಒಂದು ಡೆಸ್ಟ್ರಾಯರ್. ನಿಜವಾದ ವಿಮಾನವಾಹಕ ನೌಕೆ ಇಲ್ಲೇ ಎಲ್ಲೋ ಇರಬೇಕೆಂದು ಮುಂದಾಳು ತಕಹಾಶಿ ಸುಮಾರು ಎರಡು ಗಂಟೆ ಹುಡುಕಾಡಿದರು. ಸಿಗಲಿಲ್ಲ. ಟಾರ್ಪಿಡೋ ವಿಮಾನಗಳನ್ನು ವಾಪಸು ಕಳಿಸಿ, ಮೇಲಿನಿಂದ ನೇರವಾಗಿ ಧುಮುಕಿ ಬಾಂಬು ಹಾಕುವ 36 ಡೈವ್ ಬಾಂಬರ್ ವಿಮಾನಗಳೊಂದಿಗೆ ಕಣ್ಣೆದುರಿಗಿದ್ದದ್ದರ ಮೇಲೆ ಎರಗಿದರು.

ಸಿಮ್ಸ್‌ಗೆ ಮೂರು ಬಾಂಬು ಬಿದ್ದವು. ನಡು ಮುರಿದು ಕೆಲವೇ ನಿಮಿಷಗಳಲ್ಲಿ ಮುಳುಗಿತು. ಇನ್ನೂರಕ್ಕೂ ಹೆಚ್ಚು ಜನರಿದ್ದ ಹಡಗಿನಿಂದ ತೂತುಬಿದ್ದ ದೋಣಿಯೊಂದರಲ್ಲಿ ನಿಯೋಶೋದವರೆಗೆ ಬಂದು ಸೇರಿದವರು ಸುಮಾರು 15 ಮಂದಿ. ನಿಯೋಶೋಗೆ ಏಳು ಬಾಂಬು ನೇರವಾಗಿ ಬಡಿದವು. ಪೆಟ್ಟು ತಿಂದ ಒಂದು ವಿಮಾನವೂ ಬಂದು ಅದರ ಮೇಲೇ ಅಪ್ಪಳಿಸಿತು. ಎಂಜಿನ್ ನಿಂತಿತು, ವಿದ್ಯುತ್ ಹೋಯಿತು, ಬೆಂಕಿ ಹತ್ತಿತು, ಹಡಗು ಒಂದು ಕಡೆಗೆ ಜೋರಾಗಿ ವಾಲಿತು.

ಕೆಳಗೆ ಬಾಯ್ಲರ್‌ಗಳ ಕಡೆ ಆಸ್ಕರ್ ಪೀಟರ್ಸನ್ ಇದ್ದರು. 42 ವರ್ಷದ ಹಿರಿಯ ನಾವಿಕ, ಬಾಯ್ಲರಿನ ನೀರು, ಹಬೆಗಳ ಮೇಲ್ವಿಚಾರಣೆ ಅವರದು. ಬಾಂಬು ಬಿದ್ದಾಗ ಅವರ ದುರಸ್ತಿ ತಂಡದವರೆಲ್ಲ ಗಾಯಗೊಂಡರು, ಅವರಿಗೂ ಬಲವಾದ ಪೆಟ್ಟಾಯಿತು. ಹಬೆಯ ಕೊಳವೆಗಳು ಹಡಗಿನ ಒಂದು ಕೋಣೆಯಿಂದ ಇನ್ನೊಂದಕ್ಕೆ ಗೋಡೆ ದಾಟಿ ಹೋಗುತ್ತವೆ. ಒಂದು ಕಡೆ ಒಡೆದರೆ ಅಲ್ಲಿಂದಲೇ ಎಲ್ಲ ಹಬೆ ಸೋರಿಹೋಗುತ್ತದೆ, ಸುತ್ತಲಿನವರನ್ನು ಬೇಯಿಸಿಬಿಡುತ್ತದೆ. ಅದನ್ನು ತಡೆಯಲು ಆ ಗೋಡೆಗಳ ಬಳಿ ವಾಲ್ವ್‌ಗಳಿರುತ್ತವೆ. ಯಾರಾದರೂ ಹೋಗಿ ಕೈಯಿಂದ ತಿರುಗಿಸಿ ಮುಚ್ಚಬೇಕು. ಪೀಟರ್ಸನ್ ಆ ಸುಡುವ ಹಬೆಯೊಳಗೆ ಹೋಗಿ ಅವುಗಳನ್ನು ಮುಚ್ಚಿದರು. ಮೈ ಮತ್ತಷ್ಟು ಸುಟ್ಟಿತು. ಕೆಲವೇ ದಿನಗಳಲ್ಲಿ ತೀರಿಕೊಂಡರು.

ಮೇಲೆ ಡೆಕ್ಕಿನಲ್ಲಿ ಇನ್ನೊಂದು ದುರಂತ ನಡೆಯಿತು. ಅದು ಬಾಂಬಿಗಿಂತ ಹೆಚ್ಚು ಮನಸ್ಸು ಕಲಕುವಂಥದ್ದು. ಫಿಲಿಪ್ಸ್ ಕೊಟ್ಟ ಅಪ್ಪಣೆ, ಹಡಗು ಬಿಡಲು ತಯಾರಾಗಿ, ಮುಂದಿನ ಮಾತಿಗೆ ಕಾಯಿರಿ ಎಂದು. ಬೆಂಕಿ, ಹೊಗೆ, ಕಿರುಚಾಟಗಳ ನಡುವೆ ಅದು ಹಲವರ ಕಿವಿಗೆ ಬಿದ್ದದ್ದು ಹಡಗು ಬಿಡಿ ಎಂದಷ್ಟೇ. ನೀರಿಗೆ ಹಾರಿದರು. ತೆಪ್ಪಗಳನ್ನು ಕೆಳಗಿಳಿಸಿದರು. ಗಾಳಿ, ಅಲೆ ಅವರನ್ನು ದೂರ ಒಯ್ದವು. ದೋಣಿಗಳು ಹೋಗಿ ಕೆಲವರನ್ನು ಕರೆತಂದವು, ಎಲ್ಲರನ್ನೂ ತರಲಾಗಲಿಲ್ಲ. ಕತ್ತಲಾಯಿತು. ಅವರು ಬಿಟ್ಟುಹೋದ ಹಡಗು ಮಾತ್ರ ಮುಳುಗಲಿಲ್ಲ.

ಏಕೆ ಮುಳುಗಲಿಲ್ಲ? ಟ್ಯಾಂಕರಿನ ಹೊಟ್ಟೆ ಒಂದೇ ದೊಡ್ಡ ಕೊಪ್ಪರಿಗೆಯಲ್ಲ, ಗೋಡೆ ಹಾಕಿ ಬೇರ್ಪಡಿಸಿದ ಹತ್ತಾರು ಪೆಟ್ಟಿಗೆಗಳ ಸಾಲು. ಒಂದಕ್ಕೆ ತೂತಾದರೆ ನೀರು ಅಲ್ಲಿಗೇ ನಿಲ್ಲುತ್ತದೆ. ಒಳಗಿನ ಎಣ್ಣೆ ನೀರಿಗಿಂತ ಹಗುರ. ಹಿಂದಿನ ದಿನಗಳಲ್ಲಿ ಎಣ್ಣೆ ಕೊಟ್ಟು ಖಾಲಿಯಾಗಿದ್ದ ಟ್ಯಾಂಕುಗಳಲ್ಲಿ ಬರೀ ಗಾಳಿ, ಬಾಯಿ ಮುಚ್ಚಿದ ಖಾಲಿ ಕೊಡ ತೇಲುವಂತೆ. ಯಾರ್ಕ್‌ಟೌನ್‌ಗೆ ಕೊಟ್ಟ ಎಣ್ಣೆಯೇ ಈಗ ನಿಯೋಶೋವನ್ನು ತೇಲಿಸುತ್ತಿತ್ತು.

ಅತ್ತ ಅದೇ ಹೊತ್ತಿನಲ್ಲಿ ಅಮೆರಿಕದ ವಿಮಾನಗಳು ಜಪಾನಿನ ಶೋಹೋ ಎಂಬ ಚಿಕ್ಕ ವಿಮಾನವಾಹಕ ನೌಕೆಯನ್ನು ಮುಳುಗಿಸಿದವು. ಫ್ಲೆಚರ್ ಅವರ ವಿಮಾನಗಳು ದೂರ ಹೋಗಿದ್ದ ಆ ಬೆಳಗ್ಗೆ ಜಪಾನಿನ 78 ವಿಮಾನಗಳು ಯಾರ್ಕ್‌ಟೌನ್, ಲೆಕ್ಸಿಂಗ್ಟನ್‌ಗಳ ಮೇಲೆ ಬಂದಿದ್ದರೆ? ಇತಿಹಾಸದಲ್ಲಿ ರೆ-ಗಳಿಗೆ ಉತ್ತರವಿಲ್ಲ, ಆದರೂ ಆ ಬೆಳಗನ್ನು ಅವುಗಳಿಗೆ ಉಳಿಸಿಕೊಟ್ಟದ್ದು ಒಂದು ಟ್ಯಾಂಕರ್ ಮತ್ತು ಒಂದು ಡೆಸ್ಟ್ರಾಯರ್ ಎಂಬುದಂತೂ ನಿಜ. ಮರುದಿನ ನಿಜವಾದ ಹಣಾಹಣಿಯಲ್ಲಿ ಲೆಕ್ಸಿಂಗ್ಟನ್ ಹೋಯಿತು. ಅದನ್ನು ಕೊನೆಗೆ ಕೊಂದದ್ದೂ ಬಿರುಕುಬಿಟ್ಟ ಟ್ಯಾಂಕಿನಿಂದ ಸೋರಿ ಒಳಗೆಲ್ಲ ತುಂಬಿಕೊಂಡ ಪೆಟ್ರೋಲಿನ ಆವಿಯೇ. ಆದರೆ ಪೋರ್ಟ್ ಮೋರ್ಸ್‌ಬಿಗೆ ಕಡಲ ದಾರಿಯಲ್ಲಿ ಹೊರಟಿದ್ದ ಜಪಾನಿನ ಪಡೆ ಹಿಂದಿರುಗಿತು.

ನಿಯೋಶೋ ತೇಲುತ್ತಿತ್ತು. ಹಡಗಿನಿಂದ ಸಹಾಯ ಕೇಳಿ ಕಳಿಸಿದ ಸಂದೇಶದಲ್ಲಿದ್ದ ಸ್ಥಾನದ ಲೆಕ್ಕ ತಪ್ಪಿತ್ತು. ನೆಲದ ಮೇಲೆ ವಿಳಾಸ ತಪ್ಪಿದರೆ ಯಾರನ್ನಾದರೂ ಕೇಳಬಹುದು. ಕಡಲಿನಲ್ಲಿ ನಕ್ಷೆಯ ಮೇಲಿನ ಒಂದು ಚುಕ್ಕಿ ಸರಿದರೆ ಹುಡುಕುವವರು ಹತ್ತಾರು ಮೈಲಿ ಬರಿ ನೀರು ನೋಡಿ ಹಿಂದಿರುಗುತ್ತಾರೆ. ಆದದ್ದೂ ಅದೇ. ಹುಡುಕಲು ಬಂದ ಮೊನಾಘನ್ ಎಂಬ ಡೆಸ್ಟ್ರಾಯರಿಗೆ ಏನೂ ಕಾಣಲಿಲ್ಲ. ಇತ್ತ ವಾಲಿದ ಡೆಕ್ಕಿನ ಮೇಲೆ, ಉಷ್ಣವಲಯದ ಬಿಸಿಲಿನಲ್ಲಿ, ಸುಟ್ಟ ಗಾಯದವರನ್ನು ನೋಡಿಕೊಳ್ಳುತ್ತಾ, ಸತ್ತವರನ್ನು ಕಡಲಿಗೆ ಬಿಡುತ್ತಾ ಉಳಿದವರು ನಾಲ್ಕು ದಿನ ಕಳೆದರು. ಮೇ 10ರಂದು ಆಸ್ಟ್ರೇಲಿಯಾದ ವಿಮಾನವೊಂದು ಕಂಡುಹಿಡಿಯಿತು. 11ರಂದು ಹೆನ್ಲಿ ಎಂಬ ಡೆಸ್ಟ್ರಾಯರ್ ಬಂದು, ಸಿಮ್ಸ್‌ನವರೂ ಸೇರಿ 123 ಮಂದಿಯನ್ನು ಹತ್ತಿಸಿಕೊಂಡಿತು. ಎಳೆದೊಯ್ಯಲಾಗದ ನಿಯೋಶೋವನ್ನು ಟಾರ್ಪಿಡೋ, ಫಿರಂಗಿಗಳಿಂದ ತಾನೇ ಮುಳುಗಿಸಿತು. ಏಳು ಬಾಂಬಿಗೆ ಮುಳುಗದ ಹಡಗನ್ನು ಕೊನೆಗೆ ಸ್ವಂತದವರೇ ಕಳಿಸಿಕೊಡಬೇಕಾಯಿತು.

ತೆಪ್ಪಗಳಲ್ಲಿ ಹೋದವರ ಹುಡುಕಾಟ ಮುಂದುವರಿಯಿತು. ನಾಲ್ಕು ತೆಪ್ಪಗಳನ್ನು ಒಂದಕ್ಕೊಂದು ಕಟ್ಟಿಕೊಂಡಿದ್ದವರು 68 ಮಂದಿ. ಒಂಬತ್ತು ದಿನಗಳಾದ ಮೇಲೆ ಹೆಲ್ಮ್ ಎಂಬ ಡೆಸ್ಟ್ರಾಯರಿಗೆ ಒಂದು ತೆಪ್ಪ ಸಿಕ್ಕಿತು. ಅದರಲ್ಲಿ ಜೀವದಿಂದಿದ್ದವರು ನಾಲ್ವರು. ಅವರಲ್ಲೂ ಇಬ್ಬರು ಬದುಕಿ ಉಳಿಯಲಿಲ್ಲ.

ನಿಯೋಶೋ ಎಂಬ ಹೆಸರು ಅದೇ ವರ್ಷ ಇನ್ನೊಂದು ತೈಲ ನೌಕೆಗೆ ಬಂತು. ಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದ ಪಡೆಗಳ ಹಿಂದೆ ಒಂದಲ್ಲ, ಹತ್ತಾರು ಟ್ಯಾಂಕರ್‌ಗಳು ಸರದಿಯಂತೆ ಬಂದು ಕಡಲ ನಡುವೆಯೇ ಎಣ್ಣೆ ಕೊಟ್ಟು ಹೋಗುತ್ತಿದ್ದವು. ಒಂದು ಡೆಸ್ಟ್ರಾಯರ್ ಕಾವಲಿನಲ್ಲಿ ಒಂದೇ ಟ್ಯಾಂಕರನ್ನು ನಂಬಿ ಸಾಗಬೇಕಾದ 1942ರ ಮೇ ತಿಂಗಳ ಬಡತನ ಮತ್ತೆ ಬರಲಿಲ್ಲ.

ಆಸ್ಕರ್ ಪೀಟರ್ಸನ್ ಅವರಿಗೆ ಅಮೆರಿಕದ ಅತ್ಯುನ್ನತ ಶೌರ್ಯ ಪ್ರಶಸ್ತಿಯಾದ ಮೆಡಲ್ ಆಫ್ ಆನರ್ ಘೋಷಣೆಯಾಯಿತು, ಒಂದು ಹಡಗಿಗೆ ಅವರ ಹೆಸರಿಟ್ಟರು. ಪದಕ ಮಾತ್ರ ಯುದ್ಧಕಾಲದ ಗಡಿಬಿಡಿಯಲ್ಲಿ ಯಾವ ಸಮಾರಂಭವೂ ಇಲ್ಲದೆ ಹೆಂಡತಿಯ ಕೈಸೇರಿತ್ತು. 2010ರಲ್ಲಿ, 68 ವರ್ಷಗಳಾದ ಮೇಲೆ, ಐಡಹೋ ರಾಜ್ಯದ ರಿಚ್‌ಫೀಲ್ಡ್ ಎಂಬ ಸಣ್ಣ ಊರಿನಲ್ಲಿ ಜನರೆಲ್ಲ ಸೇರಿದ ಸಭೆಯಲ್ಲಿ, ನೌಕಾಪಡೆ ಅದನ್ನು ವಿಧಿಪೂರ್ವಕವಾಗಿ ಅವರ ಮಗನ ಕೈಗಿತ್ತಿತು.